ಟೀಚರ್‌ಗೊಂದು ಪ್ರಶ್ನೆ: ಕತ್ತಲಲ್ಲಿ ಉದ್ದವಾದ ಮೆಂತ್ಯ

ಈ ತಿಂಗಳ ಪತ್ರಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತೆ. ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯ: ಮಕ್ಕಳ ವಿಜ್ಞಾನ ಪ್ರಾಜೆಕ್ಟು. ಶಾಲೆಗಳಲ್ಲಿ ವಸ್ತುಪ್ರದರ್ಶನದ ಕಾಲ ಬಂತು ಅಂತ ಗೊತ್ತಾಯಿತು. 31 ವರ್ಷ ಆರು, ಏಳು, ಎಂಟನೇ ಕ್ಲಾಸಿನವರಿಗೆ ವಿಜ್ಞಾನ ಹೇಳಿಕೊಟ್ಟವಳು ನಾನು. ಹಾಗಾಗಿ ಈ ಸಲ ಪೂರ್ತಿ ಅದೇ. ಪ್ರೆಷರ್ ಕುಕ್ಕರ್ ಬಗ್ಗೆ ಕೇಳಿದವರು ಮುಂದಿನ ತಿಂಗಳವರೆಗೆ ತಡೆದುಕೊಳ್ಳಿ.

ಪ್ರಶ್ನೆ: ಮಗಳು ಏಳನೇ ಕ್ಲಾಸು. ‘ಗೊಬ್ಬರ ಹಾಕಿದರೆ ಗಿಡ ಚೆನ್ನಾಗಿ ಬೆಳೆಯುತ್ತದೆ’ ಎಂದು ಊಹೆ ಬರೆದು ಎರಡು ಕುಂಡದಲ್ಲಿ ಮೆಂತ್ಯ ಹಾಕಿದಳು. ಗೊಬ್ಬರದ ಕುಂಡ ತಾರಸಿ ಮೇಲೆ ಇತ್ತು, ಗೊಬ್ಬರ ಇಲ್ಲದ್ದು ಅಡುಗೆಮನೆ ಮೂಲೆಯಲ್ಲಿ. ಎಂಟು ದಿನಕ್ಕೆ ಗೊಬ್ಬರದ್ದು 4 ಸೆಂಟಿಮೀಟರ್, ಇನ್ನೊಂದು 9! ‘ನನ್ನ ಪ್ರಯೋಗ ಫೇಲ್ ಆಯ್ತು’ ಅಂತ ಅಳುತ್ತಿದ್ದಾಳೆ. ಊಹೆಯನ್ನೇ ತಿರುಗಿಸಿ ಬರೆಯಲಾ ಅಂತಲೂ ಕೇಳುತ್ತಿದ್ದಾಳೆ. ಏನು ಹೇಳಲಿ?
— ಒಬ್ಬ ತಾಯಿ, ತಿಪಟೂರು

ಉತ್ತರ: ಮೊದಲು ಅವಳ ಕಣ್ಣು ಒರೆಸಿ. ಆಮೇಲೆ ಅವಳನ್ನು ಕರೆದುಕೊಂಡು ಹೋಗಿ ಎರಡೂ ಕುಂಡ ಅಕ್ಕಪಕ್ಕ ಇಟ್ಟು ನೋಡಿ. ಅಡುಗೆಮನೆಯ ಮೆಂತ್ಯದ ಬಣ್ಣ ಹೇಗಿದೆ? ತೆಳು ಹಳದಿ ಇರಬೇಕು. ದಂಟು ದಾರದ ಹಾಗೆ ಸಣ್ಣಗೆ, ಕಿಟಕಿ ಕಡೆ ವಾಲಿರಬೇಕು. ಎಲೆ ಪುಟ್ಟದು. ತಾರಸಿಯದ್ದು ಗಿಡ್ಡ, ಆದರೆ ಗಟ್ಟಿ, ಕಡು ಹಸಿರು. ಸರಿಯಾ?

ಬೆಳಕು ಸಾಲದ ಮೊಳಕೆ ಇರೋ ಶಕ್ತಿಯನ್ನೆಲ್ಲ ಹಾಕಿ ಉದ್ದಕ್ಕೆ ಚಾಚಿಕೊಳ್ಳುತ್ತದೆ, ಎಲ್ಲಾದರೂ ಬೆಳಕು ಸಿಗಲಿ ಅಂತ. ಅದು ಬೆಳವಣಿಗೆಯ ಸಂಭ್ರಮವಲ್ಲ, ಪರದಾಟ. ಅಂದರೆ ನಿಮ್ಮ ಮಗಳ ಪ್ರಯೋಗ ಫೇಲ್ ಆಗಿಲ್ಲ. ಅವಳು ಕೇಳದೇ ಇದ್ದ ಪ್ರಶ್ನೆಗೆ ಅದು ಚೆನ್ನಾಗಿಯೇ ಉತ್ತರ ಕೊಟ್ಟಿದೆ. ಅವಳು ಕೇಳಿದ್ದು ಗೊಬ್ಬರದ ಬಗ್ಗೆ, ಗಿಡ ಹೇಳಿದ್ದು ಬೆಳಕಿನ ಬಗ್ಗೆ. ಒಂದು ಕುಂಡದಿಂದ ಇನ್ನೊಂದಕ್ಕೆ ಹೋಗುವಾಗ ಎರಡು ವಿಷಯ ಒಟ್ಟಿಗೆ ಬದಲಾದವು, ಅಲ್ವಾ? ಈಗ ಯಾರದ್ದು ಈ ಕೆಲಸ ಅಂತ ಹೇಳೋದು ಹೇಗೆ? ಹಾಲಿನ ಪಾತ್ರೆ ಖಾಲಿಯಾದಾಗ ಮನೆಯಲ್ಲಿ ಬೆಕ್ಕೂ ಇತ್ತು, ತಮ್ಮನೂ ಇದ್ದ ಅನ್ನೋ ಹಾಗಾಯಿತು.

ಮತ್ತೊಮ್ಮೆ ಮಾಡಿಸಿ. ಒಂದೇ ಥರದ ಆರು ಮೊಸರಿನ ಕಪ್ ತೊಳೆದು ತಳಕ್ಕೆ ತೂತು ಮಾಡಿ. ಮೂರಕ್ಕೆ ಬರೀ ಮಣ್ಣು, ಮೂರಕ್ಕೆ ಅದೇ ಮಣ್ಣಿನ ಜೊತೆ ಕೊಟ್ಟಿಗೆ ಗೊಬ್ಬರ. ಚೆನ್ನಾಗಿ ಕಳಿತ ಗೊಬ್ಬರವೇ ಆಗಬೇಕು. ಹಸಿ ಸಗಣಿ ಹಾಕಿದರೆ ಎಳೆ ಬೇರು ಸುಟ್ಟಂತಾಗುತ್ತದೆ. ಪ್ರತಿ ಕಪ್ಪಿಗೂ ಹತ್ತು ಕಾಳು, ಆರೂ ಕಪ್ ಒಂದೇ ಕಟ್ಟೆಯ ಮೇಲೆ. ನೀರಿಗೆ ಕೆಮ್ಮಿನ ಔಷಧದ ಮುಚ್ಚಳ ಇದೆಯಲ್ಲ, ಗೆರೆ ಇರುವಂಥದ್ದು, ಅದರಲ್ಲೇ ಅಳೆದು ಹಾಕಲಿ. ಮಕ್ಕಳಿಗೆ ತಾವು ಗೆಲ್ಲಬೇಕು ಅಂದುಕೊಂಡ ಗಿಡಕ್ಕೆ ಒಂದು ಗುಟುಕು ಜಾಸ್ತಿ ಹಾಕುವ ಚಾಳಿ ಇರುತ್ತದೆ. ಗೊತ್ತಿದ್ದು ಮಾಡೋದಿಲ್ಲ, ಕೈ ತಾನಾಗಿ ಬಗ್ಗುತ್ತದೆ.

ಎಂಟು ದಿನ ಸಾಲದು. ಮೊದಲ ವಾರ ಮೊಳಕೆ ಕಾಳಿನೊಳಗೆ ಕೂಡಿಟ್ಟ ಬುತ್ತಿಯನ್ನೇ ತಿಂದು ಬೆಳೆಯುತ್ತದೆ, ಗೊಬ್ಬರದ ಗೊಡವೆಗೆ ಹೋಗೋದಿಲ್ಲ. ಮೂರು ನಾಲ್ಕು ವಾರ ಬಿಡಿ. ಉದ್ದ ಒಂದನ್ನೇ ನಂಬದೆ ಎಲೆಗಳನ್ನೂ ಎಣಿಸಲಿ. ಇನ್ನೊಂದು: ಸ್ಕೇಲಿನ ಸೊನ್ನೆ ಅದರ ಅಂಚಿನಿಂದ ಶುರುವಾಗೋದಿಲ್ಲ, ಸ್ವಲ್ಪ ಒಳಗೆ ಇರುತ್ತದೆ. ಮಣ್ಣಿಗೆ ಸ್ಕೇಲ್ ಊರಿ ಓದಿದರೆ ಅಳತೆ ಅರ್ಧ ಸೆಂಟಿಮೀಟರ್ ಕಡಿಮೆ ಬರಬಹುದು. ನನ್ನ ಕ್ಲಾಸಿನಲ್ಲಿ ವರ್ಷಕ್ಕೆ ಹತ್ತು ಮಕ್ಕಳಾದರೂ ಹೀಗೆ ಅಳೆಯುತ್ತಿದ್ದರು.

ಇನ್ನು ಊಹೆ ತಿರುಗಿಸಿ ಬರೆಯುವ ಮಾತು. ಬೇಡ. ಇದನ್ನು ಉಪದೇಶ ಅಂತ ಹೇಳುತ್ತಿಲ್ಲ, ನಾನೇ ಮಾಡಿಸಿದ ತಪ್ಪು ಅಂತ ಹೇಳುತ್ತಿದ್ದೇನೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಮಲೆನಾಡಿನ ಒಂದು ಶಾಲೆ, ಜುಲೈ ತಿಂಗಳು. ಒಬ್ಬಳು ಹುಡುಗಿ ಮಣ್ಣಿನ ಮಡಕೆಯಲ್ಲಿ, ಸ್ಟೀಲ್ ಕೊಡದಲ್ಲಿ ಒಂದೇ ಬಾವಿಯ ನೀರಿಟ್ಟು, ಮೂರು ದಿನ ಥರ್ಮಾಮೀಟರ್ ಹಿಡಿದು ಕೂತಿದ್ದಳು. ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಅಳತೆ. ‘ಮಡಕೆ ನೀರು ತಣ್ಣಗಿರಲೇಬೇಕು ಕಣೇ, ನೀನು ಸರಿಯಾಗಿ ನೋಡಿಲ್ಲ. ಮೂರು ಡಿಗ್ರಿ ಕಡಿಮೆ ಅಂತ ಬರಿ’ ಅಂದೆ. ಬರೆದಳು. ಬಹುಮಾನವೂ ಬಂತು.

ಆಮೇಲೆ ಬಯಲುಸೀಮೆಗೆ ವರ್ಗವಾಗಿ ಬಂದು, ಏಪ್ರಿಲ್‌ನಲ್ಲಿ ಮಡಕೆ ನೀರು ಕುಡಿದಾಗ ತಲೆಗೆ ಹೊಳೆಯಿತು. ಮಡಕೆಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖ ಎಳೆದುಕೊಂಡು ಹೋಗುತ್ತದೆ, ಅದಕ್ಕೇ ನೀರು ತಂಪು. ಜುಲೈ ಮಳೆಯಲ್ಲಿ ಗಾಳಿಯೇ ನೀರು ಕುಡಿದು ಕೂತಿರುವಾಗ ಆವಿ ಆಗೋದೆಲ್ಲಿಂದ? ಅದೇ ವಾರ ನನ್ನ ಸೀರೆ ನಾಲ್ಕು ದಿನ ಹಗ್ಗದ ಮೇಲೆ ಒಣಗದೆ ನೇತಾಡಿತ್ತು. ಕಣ್ಣೆದುರು ಇದ್ದದ್ದು ನನಗೆ ಕಾಣಲಿಲ್ಲ, ಆ ಹುಡುಗಿಯ ಥರ್ಮಾಮೀಟರಿಗೆ ಕಂಡಿತ್ತು. ಅವಳ ವಿಳಾಸ ನನ್ನ ಹತ್ತಿರ ಇಲ್ಲ. ಇದ್ದಿದ್ದರೆ ಒಂದು ಕಾಗದ ಬರೆಯುತ್ತಿದ್ದೆ.

ನಿಮ್ಮ ಮಗಳು ಹಳೇ ಊಹೆ, ಹಳೇ ಅಳತೆ ಹಾಗೇ ಇಟ್ಟು, ‘ಬೆಳಕನ್ನು ಒಂದೇ ರೀತಿ ಇಡಲು ಮರೆತೆ, ಎರಡನೇ ಸಲ ಹೀಗೆ ಮಾಡಿದೆ’ ಅಂತ ಬರೆಯಲಿ. ನಾನು ತೀರ್ಪುಗಾರಳಾಗಿದ್ದರೆ ಆ ಪುಟಕ್ಕೇ ಜಾಸ್ತಿ ಅಂಕ ಕೊಡುತ್ತಿದ್ದೆ.

ಪ್ರಶ್ನೆ: ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಹೊಸದಾಗಿ ಸೇರಿದ ಶಿಕ್ಷಕ. ಪ್ರಾಕ್ಕಲ್ಪನೆ (ಅಂದರೆ ಊಹೆ), ಸ್ವತಂತ್ರ ಚರಾಂಶ, ಅವಲಂಬಿತ ಚರಾಂಶ ಅಂದ ಕೂಡಲೇ ಎಂಟನೇ ಕ್ಲಾಸಿನ ಮಕ್ಕಳು ಕಿಟಕಿ ನೋಡುತ್ತಾರೆ. 42 ಮಕ್ಕಳು, ಲ್ಯಾಬ್ ಅಂದರೆ ಒಂದು ಬೀರು. ಎಲ್ಲಿಂದ ಶುರು ಮಾಡಲಿ ಮೇಡಂ?
— ಯಾದಗಿರಿ ಜಿಲ್ಲೆಯಿಂದ

ಉತ್ತರ: ಕಿಟಕಿ ನೋಡಲಿ ಬಿಡಿ, ಅದರ ಸರಳಿಗೇ ಕೆಲಸ ಇದೆ. ಮಗು ಹುಟ್ಟಿದ ಮೇಲೆ ತಾನೇ ನಾಮಕರಣ? ನಾವು ಮೊದಲೇ ಹೆಸರಿಟ್ಟು ತೊಟ್ಟಿಲು ತೂಗುತ್ತೇವೆ, ಒಳಗೆ ಮಗುವೇ ಇರೋದಿಲ್ಲ.

ಸೈಕಲ್ ಶಾಪಿನಿಂದ ಹಳೇ ನಟ್ಟುಗಳು, ಒಂದು ಉಂಡೆ ದಾರ ತನ್ನಿ. ದಾರಕ್ಕೆ ನಟ್ಟು ಕಟ್ಟಿ ಕಿಟಕಿ ಸರಳಿಗೆ, ಬೆಂಚಿನ ಅಂಚಿಗೆ ನೇತುಹಾಕಿ ಆಡಿಸಿ. ‘ಇದು ಇನ್ನೂ ಬೇಗ ಆಡಬೇಕಾದರೆ ಏನು ಮಾಡಬೇಕು?’ ಅಂತ ಕೇಳಿ ಸುಮ್ನೆ ನಿಂತುಕೊಳ್ಳಿ. ಭಾರ ಹಾಕಬೇಕು, ದಾರ ಕಡಿಮೆ ಮಾಡಬೇಕು, ಜಾಸ್ತಿ ಎಳೆದು ಬಿಡಬೇಕು, ಎಲ್ಲ ಅವರೇ ಹೇಳುತ್ತಾರೆ. ಆಗ ಬೋರ್ಡಿನ ಮೇಲೆ ಮೂರು ಸಾಲು ಬರೆಯಿರಿ: ನಾನು ಬದಲಿಸೋದು ಏನು? ನಾನು ಅಳೆಯೋದು ಏನು? ನಾನು ಮುಟ್ಟದೆ ಹಾಗೇ ಬಿಡೋದು ಏನು? ಬದಲಿಸೋದು ಸ್ವತಂತ್ರ ಚರಾಂಶ, ಅಳೆಯೋದು ಅವಲಂಬಿತ ಚರಾಂಶ, ಪಾಠ ಇಷ್ಟೇ. ದೊಡ್ಡ ಹೆಸರುಗಳನ್ನು ಮೂರನೇ ದಿನ ಹೇಳಿದರೆ ಸಾಕು.

ಆರಾರು ಮಕ್ಕಳ ಏಳು ಗುಂಪು. ಎರಡು ಗುಂಪು ಭಾರ ಮಾತ್ರ ಬದಲಿಸಲಿ, ಎರಡು ಉದ್ದ ಮಾತ್ರ, ಎರಡು ಎಳೆತ ಮಾತ್ರ. ಏಳನೆಯ ಗುಂಪಿಗೆ ಬೇರೆಯವರ ಲೆಕ್ಕ ಮತ್ತೆ ಮಾಡಿ ನೋಡುವ ಕೆಲಸ. ಜಗಳಗಂಟರನ್ನು ಅಲ್ಲಿ ಹಾಕಿ, ಚೆನ್ನಾಗಿ ಮಾಡುತ್ತಾರೆ.

ಅಳೆಯುವ ಮೊದಲು ಪ್ರತಿ ಗುಂಪೂ ಊಹೆ ಬರೆಯಬೇಕು, ಅದರಲ್ಲಿ ‘ಯಾಕಂದ್ರೆ’ ಇರಲೇಬೇಕು. ‘ಭಾರ ಜಾಸ್ತಿ ಆದ್ರೆ ಬೇಗ ಆಡುತ್ತೆ, ಯಾಕಂದ್ರೆ ಭಾರದ್ದು ಬೇಗ ಬೀಳುತ್ತೆ’ ಅಂತ ಯಾರಾದರೂ ಬರೆದೇ ಬರೆಯುತ್ತಾರೆ. ಅದು ತಪ್ಪು. ಆದರೂ ಒಳ್ಳೆಯ ಊಹೆ, ಯಾಕೆಂದರೆ ಸೋಲೋದಕ್ಕೆ ಅದರಲ್ಲಿ ದಾರಿ ಇದೆ. ‘ಭಾರ ಬದಲಿಸಿದರೆ ಏನಾದರೂ ಆಗಬಹುದು’ ಅಂತ ಬರೆದವನು ಎಂದೂ ಸೋಲೋದಿಲ್ಲ, ಅವನಿಗೆ ಹೊಸದೇನೂ ಗೊತ್ತೂ ಆಗೋದಿಲ್ಲ.

ಎಡವುವ ಜಾಗಗಳನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಸಲ ಆಡುವ ಸಮಯ ಅಳೆಯಬೇಡಿ, ಹೋಗಿ ಬರೋದನ್ನು ಹತ್ತು ಸಲ ಎಣಿಸಿ ಅಳೆಯಿರಿ. ಮೊಬೈಲ್ ಒತ್ತುವ ಬೆರಳು ಅಷ್ಟು ಚುರುಕಲ್ಲ. ಬಿಡುವಾಗ ‘ಒಂದು’ ಅನ್ನಬಾರದು, ‘ಸೊನ್ನೆ’ ಅನ್ನಬೇಕು. ಇಲ್ಲದಿದ್ದರೆ ಹತ್ತು ಅಂದಾಗ ಆಡಿರೋದು ಒಂಬತ್ತೇ ಸಲ. ಎಳೆಯೋದು ಒಂದು ಗೇಣಿಗಿಂತ ಜಾಸ್ತಿ ಬೇಡ. ಇನ್ನೊಂದು ಮಜವಾದ ಗುಂಡಿ ಇದೆ, ನಾನೇ ಬಿದ್ದಿದ್ದೇನೆ. ಭಾರ ಹೆಚ್ಚಿಸಲು ಮಕ್ಕಳು ಒಂದು ನಟ್ಟಿನ ಕೆಳಗೆ ಇನ್ನೊಂದು ಕಟ್ಟುತ್ತಾರೆ. ಭಾರದ ಜೊತೆ ಉದ್ದವೂ ಬೆಳೆಯಿತಲ್ಲ! ಲೆಕ್ಕ ನಿಧಾನ ಬರುತ್ತದೆ. ‘ಭಾರ ಆದರೆ ನಿಧಾನ’ ಅಂತ ಇಡೀ ಕ್ಲಾಸು ತೀರ್ಮಾನ ಬರೆದುಬಿಡುತ್ತದೆ. ಎಲ್ಲ ನಟ್ಟನ್ನೂ ಒಂದೇ ಗೊಂಚಲಾಗಿ, ಒಂದೇ ಎತ್ತರಕ್ಕೆ ಕಟ್ಟಿಸಿ.

ಸರಿಯಾಗಿ ಮಾಡಿದರೆ 25 ಸೆಂಟಿಮೀಟರ್ ದಾರಕ್ಕೆ ಹತ್ತು ಸುತ್ತು ಸುಮಾರು 10 ಸೆಕೆಂಡು, 50ಕ್ಕೆ 14, 100ಕ್ಕೆ 20 ಬರುತ್ತದೆ. ಈ ಅಂಕಿ ನಿಮ್ಮ ಜೇಬಿನಲ್ಲಿರಲಿ, ಬೋರ್ಡಿಗೆ ಬೇಡ. ಉದ್ದ ಎರಡರಷ್ಟಾದರೆ ಸಮಯವೂ ಎರಡರಷ್ಟು ಅಂತ ಊಹಿಸಿದವರು 50ರ ಹತ್ತಿರ ಬಂದಾಗ ಮುಖ ನೋಡಿ. ನಾಲ್ಕರಷ್ಟು ಉದ್ದ ಮಾಡಿದಾಗ ಮಾತ್ರ ಸಮಯ ಎರಡರಷ್ಟಾಗೋದು.

ಮಾರನೇ ದಿನ ಒಂದು ಕಥೆ ಹೇಳಿ. 1747ರಲ್ಲಿ ಸಾಲಿಸ್‌ಬರಿ ಅನ್ನುವ ಬ್ರಿಟಿಷ್ ನೌಕಾಪಡೆಯ ಹಡಗಿನಲ್ಲಿ ಜೇಮ್ಸ್ ಲಿಂಡ್ ಅನ್ನುವ ವೈದ್ಯ ಇದ್ದ. ನಾವಿಕರಿಗೆ ಸ್ಕರ್ವಿ, ವಸಡು ಕೊಳೆತು ಮೈ ಸೋಲುವ ರೋಗ. ಒಂದೇ ಥರ ಕಾಯಿಲೆ ಬಿದ್ದ 12 ಜನರನ್ನು ಆರಿಸಿ, ಒಂದೇ ಜಾಗದಲ್ಲಿ ಮಲಗಿಸಿ, ಒಂದೇ ಊಟ ಕೊಟ್ಟ. ಇಬ್ಬಿಬ್ಬರಿಗೆ ಒಂದೊಂದು ಮದ್ದು. ಇಬ್ಬರಿಗೆ ಸೇಬಿನ ಮದ್ಯ, ಇಬ್ಬರಿಗೆ ವಿನೆಗರ್, ಪಾಪ ಇಬ್ಬರಿಗೆ ಸಮುದ್ರದ ನೀರು. ಇಬ್ಬರಿಗೆ ಕಿತ್ತಳೆ, ನಿಂಬೆ. ಹಣ್ಣು ತಿಂದವರಲ್ಲಿ ಒಬ್ಬ ಆರು ದಿನಕ್ಕೆ ಕೆಲಸಕ್ಕೆ ಎದ್ದ, ಇನ್ನೊಬ್ಬ ಉಳಿದವರ ಆರೈಕೆಗೆ ನಿಂತ. ಬದಲಿಸಿದ್ದು, ಅಳೆದದ್ದು, ಹಾಗೇ ಬಿಟ್ಟದ್ದು ಏನೇನು ಅಂತ ಮಕ್ಕಳೇ ಹುಡುಕಲಿ. ‘ಬರೀ ಇಬ್ಬರು ಸಾಕಾ ಸರ್?’ ಅಂತ ಒಬ್ಬನಾದರೂ ಕೇಳಿದರೆ ನಿಮ್ಮ ಪಾಠ ಮುಟ್ಟಿದೆ ಅಂತ ಲೆಕ್ಕ. ಅಂದ ಹಾಗೆ, ಬ್ರಿಟಿಷ್ ನೌಕಾಪಡೆ ನಿಂಬೆರಸ ಕೊಡಬೇಕು ಅಂತ ಕಟ್ಟಳೆ ಮಾಡಿದ್ದು 1795ರಲ್ಲಿ. ಕಚೇರಿ ಕೆಲಸ ಎಲ್ಲ ಕಾಲದಲ್ಲೂ ಹಾಗೇ.

ಪ್ರಶ್ನೆ: ಟೀಚರ್, ನಾನು ಎಂಟನೇ ಕ್ಲಾಸು. ಹೆಪ್ಪು ಇಲ್ಲದಿದ್ದರೆ ನಮ್ಮಜ್ಜಿ ಹಾಲಿಗೆ ಒಣಮೆಣಸಿನಕಾಯಿ ತೊಟ್ಟು ಹಾಕಿ ಮೊಸರು ಮಾಡುತ್ತಾರೆ. ಅಪ್ಪ ‘ಅದೆಲ್ಲ ಸುಳ್ಳು’ ಅಂತಾರೆ. ಯಾರು ಸರಿ?
— ಶಿರಸಿ

ಉತ್ತರ: ಪುಟ್ಟಾ, ನಾನು ಹೇಳೋದಿಲ್ಲ. ನೀನೇ ಹೇಳಬೇಕು. ದಾರಿ ಮಾತ್ರ ತೋರಿಸುತ್ತೇನೆ.

ಮೊಸರಾಗೋದು ಅಂದರೆ ಏನು ಗೊತ್ತಾ? ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ. ಹುಳಿ ಏರಿದಾಗ ಹಾಲಿನ ಪ್ರೋಟೀನ್ ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತದೆ. ಹಾಗಾದರೆ ನಿನ್ನ ಪ್ರಶ್ನೆ: ತೊಟ್ಟಿನ ಮೇಲೆ ಅಂಥ ಬ್ಯಾಕ್ಟೀರಿಯಾ ಇವೆಯಾ, ಅಥವಾ ಹಾಲು ತಾನಾಗಿ ಹುಳಿಯಾಯಿತಾ?

ಅಜ್ಜಿ ಒಂದೇ ಪಾತ್ರೆಯಲ್ಲಿ ಮಾಡುತ್ತಾರೆ, ಅದರಿಂದ ಇದು ತಿಳಿಯೋದಿಲ್ಲ. ನಿನಗೆ ಲೋಟಗಳು ಬೇಕು. ಒಂದೇ ಅಳತೆಯ ಎಂಟು ಸ್ಟೀಲ್ ಲೋಟ ತೆಗೆದುಕೊಂಡು ಅಮ್ಮನ ಸಹಾಯದಿಂದ ಕುದಿಯುವ ನೀರಲ್ಲಿ ಅದ್ದಿ ತೆಗೆ. ನಿಮ್ಮ ಮನೆಯ ಪಾತ್ರೆಯ ಅಂಚಿನಲ್ಲಿ ನಿನ್ನೆಯ ಮೊಸರು ಅಂಟಿದ್ದರೆ ಅದೇ ಹೆಪ್ಪಾಗಿಬಿಡುತ್ತದೆ. ಒಂದೇ ಪಾತ್ರೆಯಲ್ಲಿ ಕಾಯಿಸಿದ ಹಾಲು, ಬೆರಳು ಅದ್ದಿದರೆ ಹಿತ ಅನ್ನಿಸುವಷ್ಟು ಬಿಸಿ ಇರುವಾಗ, ಎಲ್ಲಕ್ಕೂ ಅರ್ಧರ್ಧ ಲೋಟ. ಬೆರಳು ಅದ್ದಿ ನೋಡೋದಕ್ಕೆ ಬೇರೆ ಬಟ್ಟಲಿಗೆ ಸ್ವಲ್ಪ ತೆಗೆದುಕೋ, ಬೆರಳಲ್ಲೂ ಬ್ಯಾಕ್ಟೀರಿಯಾ ಇರುತ್ತವೆ!

ಎರಡು ಲೋಟಕ್ಕೆ ತೊಟ್ಟು, ನಾಲ್ಕು ನಾಲ್ಕು. ಎರಡಕ್ಕೆ ಕುದಿಯುವ ನೀರಲ್ಲಿ ಹತ್ತು ನಿಮಿಷ ಬೇಯಿಸಿದ ತೊಟ್ಟು. ಎರಡಕ್ಕೆ ಏನೂ ಹಾಕಬೇಡ. ಕೊನೆಯ ಎರಡಕ್ಕೆ ಅರ್ಧ ಚಮಚ ಹೆಪ್ಪು. ಹೆಪ್ಪಿನ ಲೋಟ ಕೊನೆಗೇ ಮಾಡು. ಅದೇ ಚಮಚ ಬೇರೆಯದಕ್ಕೆ ತಾಗಿದರೆ ಪ್ರಯೋಗವೆಲ್ಲ ಅಲ್ಲಿಗೆ ಮುಗಿಯಿತು.

ಏನೂ ಹಾಕದ ಲೋಟ ಯಾಕೆ ಅಂತ ನಿನಗೆ ಅನ್ನಿಸಬಹುದು. ನನ್ನ ಪ್ರಕಾರ ಎಂಟರಲ್ಲಿ ಅದೇ ರಾಜ. ತೊಟ್ಟಿನ ಹಾಲು ಗಟ್ಟಿಯಾಗಿ, ಏನೂ ಹಾಕದ್ದೂ ಅಷ್ಟೇ ಗಟ್ಟಿಯಾದರೆ, ತೊಟ್ಟಿನ ಪಾಲು ಏನು ಉಳಿಯಿತು? ಹೆಪ್ಪಿನ ಲೋಟವೂ ಗಟ್ಟಿಯಾಗದಿದ್ದರೆ? ಹಾಲೋ ಚಳಿಯೋ ಕೈಕೊಟ್ಟಿದೆ ಅಂತ ಅರ್ಥ. ನಿಮ್ಮ ಶಿರಸಿ ಮಳೆಗಾಲದಲ್ಲಿ ಅದೂ ಆಗುವಂಥದ್ದೇ. ಬೇಯಿಸಿದ ತೊಟ್ಟು ಯಾಕೆ ಅನ್ನೋದನ್ನು ನೀನೇ ಯೋಚಿಸು.

ಲೋಟದ ತಳಕ್ಕೆ ನಂಬರ್ ಚೀಟಿ ಅಂಟಿಸಿ, ಮುಚ್ಚಿ, ಎಲ್ಲವನ್ನೂ ಒಂದೇ ಬುಟ್ಟಿಯಲ್ಲಿ ಇಡು. ಮಲಗುವ ಮೊದಲು ಊಹೆ ಬರೆದು ತಾರೀಕು ಹಾಕು. ಬೆಳಗ್ಗೆ, ಮಧ್ಯಾಹ್ನ, ಸಂಜೆ ಲೋಟವನ್ನು ಮೆಲ್ಲಗೆ ವಾಲಿಸಿ ನೋಡು. ನೀರಿನ ಹಾಗೆ ಓಡಿದರೆ 0, ಜಾರಿದರೆ 1, ಅಲುಗದಿದ್ದರೆ 2. ಈ ಅಂಕ ಹಾಕೋದು ಅಜ್ಜಿಯೂ ಅಲ್ಲ, ಅಪ್ಪನೂ ಅಲ್ಲ, ಇಬ್ಬರೂ ಪಕ್ಷ ಕಟ್ಟಿದ್ದಾರೆ. ಪಕ್ಕದ ಮನೆಯವರನ್ನು ಕರೆ, ಯಾವುದರಲ್ಲಿ ಏನಿದೆ ಅಂತ ಹೇಳಬೇಡ. ತೊಟ್ಟು ಕಂಡುಬಿಡುತ್ತದಲ್ಲ ಅಂತೀಯಾ? ತೊಟ್ಟನ್ನು ಚಿಕ್ಕ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಮುಳುಗಿಸು. ಉಳಿದ ಲೋಟಗಳಿಗೂ ಖಾಲಿ ಗಂಟು ಹಾಕು. ಬಟ್ಟೆಯನ್ನೂ ಮೊದಲು ಕುದಿಸಬೇಕು. ಮೂಸಿ ನೋಡಬಹುದು, ಯಾವುದನ್ನೂ ಬಾಯಿಗೆ ಹಾಕಬೇಡ. ಎಂಟೂ ಅಂಕ ನನಗೆ ಬರೆದು ಕಳಿಸು.

ಪ್ರಶ್ನೆ: ಆರನೇ ಕ್ಲಾಸಿನ ಮಗ ಒಂದು ವಿಡಿಯೋ ನೋಡಿ ಎರಡು ಬಾಟಲಿಯಲ್ಲಿ ಅನ್ನ ಇಟ್ಟಿದ್ದಾನೆ. ಒಂದನ್ನು ದಿನಾ ಹೊಗಳುತ್ತಾನೆ, ಇನ್ನೊಂದನ್ನು ಬೈಯುತ್ತಾನೆ. ಬೈದದ್ದೇ ಮೊದಲು ಬೂಸಲು ಹಿಡಿಯಿತು! ಇದು ವಿಜ್ಞಾನವೇ?
— ಒಬ್ಬ ತಂದೆ, ಬೆಂಗಳೂರು

ಉತ್ತರ: ಬೈಗುಳ ಯಾವುದು ಅಂತ ಬರೆದಿಲ್ಲ, ಇರಲಿ. ಎರಡೇ ಬಾಟಲಿ ಇದ್ದರೆ, ಯಾವುದಾದರೂ ಒಂದು ಮೊದಲು ಬೂಸಲು ಹಿಡಿಯಲೇಬೇಕಲ್ಲ. ನಾಣ್ಯ ಚಿಮ್ಮಿದ ಹಾಗೆ. ಹತ್ತು ಬಾಟಲಿ ಇಡಿ. ಚೀಟಿ ಎತ್ತಿ ಐದನ್ನು ಬೈಯುವುದಕ್ಕೆ, ಐದನ್ನು ಹೊಗಳುವುದಕ್ಕೆ ಆರಿಸಿ. ಬೂಸಲು ನೋಡಿ ಅಂಕ ಹಾಕುವವರಿಗೆ ಯಾವುದು ಯಾವುದು ಅಂತ ಗೊತ್ತಿರಬಾರದು. ಮುಚ್ಚಳ ತೆಗೆಯದೆ ಹೊರಗಿನಿಂದಲೇ ನೋಡಿ, ಬೂಸಲಿನ ಪುಡಿ ಮೂಗಿಗೆ ಒಳ್ಳೆಯದಲ್ಲ.

ಗೊತ್ತಿರಬಾರದು ಅಂದದ್ದು ಯಾಕೆ ಅಂತ ಮಗನಿಗೆ ಹೇಳಲು ಒಂದು ಕುದುರೆ ಇದೆ. ಬರ್ಲಿನ್ನಿನ ಹಾನ್ಸ್. ಕೂಡುವ ಕಳೆಯುವ ಲೆಕ್ಕ ಕೇಳಿದರೆ ಗೊರಸು ಬಡಿದು ಉತ್ತರ ಹೇಳುತ್ತಿತ್ತು. 1907ರಲ್ಲಿ ಆಸ್ಕರ್ ಫುಂಗ್ಸ್ಟ್ ಎಂಬಾತ ಪರೀಕ್ಷೆ ಮಾಡಿದ್ದನ್ನು ಬರೆದಿದ್ದಾನೆ. ಕೇಳಿದವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಬರುತ್ತಿರಲಿಲ್ಲ. ಸರಿ ಎಣಿಕೆ ಬಂದಾಗ ಕೇಳಿದವನ ತಲೆ ಒಂದು ಚೂರು ಅಲುಗುತ್ತಿತ್ತು, ಕುದುರೆ ಅದನ್ನು ನೋಡಿ ನಿಲ್ಲಿಸುತ್ತಿತ್ತು. ಯಜಮಾನ ಮೋಸಗಾರನಲ್ಲ. ತನ್ನ ತಲೆ ಅಲುಗುತ್ತದೆ ಅಂತ ಅವನಿಗೇ ಗೊತ್ತಿರಲಿಲ್ಲ.

ಪ್ರಶ್ನೆ: ಡಿಕಾಕ್ಷನ್‌ಗೆ ಹಾಲು ಹಾಕಿದ್ದೋ, ಹಾಲಿಗೆ ಡಿಕಾಕ್ಷನ್ ಹಾಕಿದ್ದೋ ಅಂತ ಕುಡಿದ ಕೂಡಲೇ ಹೇಳುತ್ತೇನೆ ಎಂದು ನಮ್ಮ ಯಜಮಾನರು ಜಂಬ ಕೊಚ್ಚುತ್ತಾರೆ. ಏಳನೇ ಕ್ಲಾಸಿನ ಮೊಮ್ಮಗಳು ಪರೀಕ್ಷೆ ಮಾಡಬೇಕಂತೆ. ಹೇಗೆ?
— ಮೈಸೂರು

ಉತ್ತರ: ನೂರು ವರ್ಷದ ಹಿಂದೆ ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇದೇ ಜಗಳ ನಡೆದಿತ್ತು, ಕಾಫಿಯ ಬದಲು ಚಹಾ. ಮ್ಯೂರಿಯಲ್ ಬ್ರಿಸ್ಟಲ್ ಎಂಬ ಪಾಚಿತಜ್ಞೆ ಹೀಗೇ ಹೇಳಿದ್ದರು. ರೊನಾಲ್ಡ್ ಫಿಶರ್ ಅನ್ನುವ ಸಂಖ್ಯಾಶಾಸ್ತ್ರಜ್ಞ ಎಂಟು ಕಪ್ಪಿನ ಪರೀಕ್ಷೆ ಹೂಡಿದ.

ಮೊಮ್ಮಗಳಿಗೂ ಎಂಟು ಲೋಟವೇ ಸಾಕು. ನಾಲ್ಕಕ್ಕೆ ಹಾಲು ಮೊದಲು, ನಾಲ್ಕಕ್ಕೆ ಡಿಕಾಕ್ಷನ್ ಮೊದಲು. ಸಕ್ಕರೆ, ಬಿಸಿ, ಬಣ್ಣ, ನೊರೆ ಎಲ್ಲ ಒಂದೇ ಥರ ಇರಲಿ. ಕೊಡುವ ಸರದಿ ಚೀಟಿ ಎತ್ತಿ ನಿರ್ಧರಿಸಲಿ. ಮಾಡುವವರು ಅಡುಗೆಮನೆಯಲ್ಲಿ, ತಂದುಕೊಡುವವರು ಬೇರೆ, ಅವರಿಗೂ ಗುಟ್ಟು ಗೊತ್ತಿರಬಾರದು. ನಾಲ್ಕು ನಾಲ್ಕು ಇವೆ ಅಂತ ಮಾತ್ರ ಯಜಮಾನರಿಗೆ ಮೊದಲೇ ಹೇಳಿ. ಎಂಟರಲ್ಲಿ ನಾಲ್ಕನ್ನು ಆರಿಸುವುದಕ್ಕೆ 70 ದಾರಿ ಇವೆ. ಸುಮ್ನೆ ಗುರಿಯಿಲ್ಲದೆ ಹೇಳಿದರೆ ಎಂಟೂ ಸರಿ ಬರುವ ಸಾಧ್ಯತೆ 70ರಲ್ಲಿ ಒಂದು. ಆರು ಸರಿ ಬಂದರೆ ಮೀಸೆ ತಿರುವಲು ಬಿಡಬೇಡಿ, ಅಷ್ಟು ಅದೃಷ್ಟದಿಂದಲೂ ಬರುತ್ತದೆ.

ಒಂದೊಂದು ಲೋಟಕ್ಕೆ ಎರಡೇ ಗುಟುಕು ಹಾಕಿ. ಎಂಟು ಲೋಟ ತುಂಬ ಕುಡಿಸಿದರೆ ರಾತ್ರಿ ನಿದ್ದೆ ಬಾರದೆ ಅವರು ನನಗೆ ಬೈಯುತ್ತಾರೆ.